ಐದು ನಕ್ಷತ್ರದ ಅಡ್ಮಿನ್

ಜಾವಾದಲ್ಲಿ ಸ್ಟ್ರಿಂಗ್ ಬದಲಾಗುವುದಿಲ್ಲ ಎಂದು ಇಂಟರ್‌ವ್ಯೂಗೆ ಉರು ಹೊಡೆದವರು ಕೇಳಿ: ಬದಲಾಗುತ್ತದೆ. ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ, ಜಾವಾ 8ರಲ್ಲಿ, ಬದಲಾಯಿತು.

ಬೆಳಗ್ಗೆ ಅಡ್ಮಿನ್‌ಗಳು ಲಾಗಿನ್ ಆದರೆ ಅವರ ಮೆನುಗಳೇ ಮಾಯ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿ. ಮರುದಿನ ಮತ್ತದೇ ರಾಮಾಯಣ. ಡೇಟಾಬೇಸಿನಲ್ಲಿ ರೋಲ್ ಸರಿಯಾಗೇ ಇತ್ತು. ಲಾಗ್‌ನಲ್ಲಿ ಮಾತ್ರ ಅಡ್ಮಿನ್ ಎಂದಿರಬೇಕಾದ ಕಡೆ ಐದು ನಕ್ಷತ್ರ. "ಅದು ಲಾಗ್ ಮಾಸ್ಕಿಂಗ್ ಕಣ್ರೀ, ಬಿಡಿ ಅದನ್ನ. ನಿಮ್ಮ ಕ್ವೆರಿ ನೋಡಿ" ಎಂದರು ಟೀಮ್ ಲೀಡ್. ಕ್ವೆರಿ ನನ್ನದಾದ್ದರಿಂದ ಬೈಗುಳವೂ ನನಗೇ.

ಆ ರಾತ್ರಿ ಆಫೀಸಿನಲ್ಲಿ ನಾನು ಮತ್ತು ಕೆಳಗೆ ಸೆಕ್ಯೂರಿಟಿಯವರು, ಇಬ್ಬರೇ. ಸ್ಟೇಜಿಂಗ್ ಸರ್ವರಿನಲ್ಲಿ ಮಾಸ್ಕಿಂಗ್ ಪೂರ್ತಿ ಕಿತ್ತುಹಾಕಿದೆ. ರಾತ್ರಿ ಓಡುವ ಜಾಬ್ ಮುಗಿಯಿತು. ನಕ್ಷತ್ರಗಳು ಹಾಗೇ ಬಂದವು. ಕ್ವೆರಿ ತೆಗೆದೆ, ವೇರಿಯಬಲ್ ತೆಗೆದೆ, ಕೊನೆಗೆ ಉಳಿದದ್ದು ಒಂದೇ ಸಾಲು: ಕೋಟ್ ಚಿಹ್ನೆಗಳ ಮಧ್ಯೆ ಇಂಗ್ಲಿಷಿನ ಐದಕ್ಷರ ಬರೆದು ಪ್ರಿಂಟ್ ಮಾಡು ಅಂದದ್ದು. ಎಡಗಡೆ ಎಡಿಟರಿನಲ್ಲಿ ಅಡ್ಮಿನ್, ಬಲಗಡೆ ಕನ್ಸೋಲಿನಲ್ಲಿ *****. ಮೈ ಜುಮ್ಮೆಂದಿತು. ನನಗೇ ತಲೆ ಕೆಟ್ಟಿತೇ ಎಂದು ಎದ್ದುಹೋಗಿ ಮುಖ ತೊಳೆದು ಬಂದು ಮತ್ತೆ ಓಡಿಸಿದೆ. *****.

ಸ್ಟ್ರಿಂಗ್ ಬದಲಾಗಬೇಕಾದರೆ ಯಾರೋ ಅದರ ಪ್ರೈವೇಟ್ ಬೀಗ ತೆರೆದಿರಲೇಬೇಕು; ಸೋರ್ಸಿನಲ್ಲಿ ಅದನ್ನು ತೆರೆಯುವ 'ಸೆಟ್‌ಆಕ್ಸೆಸಿಬಲ್' ಹುಡುಕಿದಾಗ ಸಿಕ್ಕಿತು. ಪಾಸ್‌ವರ್ಡ್ ಮೆಮೊರಿಯಲ್ಲಿ ಉಳಿಯಬಾರದೆಂದು ಲೀಡ್ ಬರೆದಿಟ್ಟಿದ್ದ ಯುಟಿಲಿಟಿ. ಲಾಗಿನ್ ಆದ ಕೂಡಲೇ ರಿಫ್ಲೆಕ್ಷನ್‌ನಿಂದ ಸ್ಟ್ರಿಂಗ್‌ನೊಳಗಿನ ಪ್ರೈವೇಟ್ ಫೈನಲ್ ಅರೇ ಹಿಡಿದು ನಕ್ಷತ್ರ ತುಂಬುತ್ತಿತ್ತು. ಫೈನಲ್ ಎಂದರೆ ಬೇರೆ ಅರೇ ಇಡುವಂತಿಲ್ಲ, ಅಷ್ಟೇ. ಇರುವ ಅರೇಯ ಅಕ್ಷರಗಳಿಗೆ ಅದರ ಕಾವಲಿಲ್ಲ. ರಾತ್ರಿಯ ಜಾಬ್‌ಗೆ ಪಾಸ್‌ವರ್ಡ್ ಎಂದು ಕೋಡಿನಲ್ಲೇ ಅಡ್ಮಿನ್ ಬರೆದದ್ದೂ ಇವರೇ! ಅಕ್ಷರಗಳು ಒಂದೇ ಆಗಿರುವ ಲಿಟರಲ್‌ಗಳಿಗೆ ಜೆವಿಎಂ ಪೂಲಿನಲ್ಲಿ ಇಡುವುದು ಒಂದೇ ಆಬ್ಜೆಕ್ಟ್. ಪಾಸ್‌ವರ್ಡ್ ಅಳಿಸಿದಾಗ ರೋಲ್ ಚೆಕ್‌ನ ಅಡ್ಮಿನ್ನೂ ಅಳಿಯಿತು. ಹ್ಯಾಶ್‌ಮ್ಯಾಪ್ ಇನ್ನೂ ವಿಚಿತ್ರ: ಹ್ಯಾಶ್ ಮೊದಲೇ ಲೆಕ್ಕವಾಗಿ ಸ್ಟ್ರಿಂಗ್‌ನಲ್ಲೇ ಕೂತಿದ್ದರಿಂದ ಲಿಟರಲ್ ಕೊಟ್ಟರೆ ಸಿಗುತ್ತಿತ್ತು, ಡೇಟಾಬೇಸಿನಿಂದ ಬಂದ ಅದೇ ಪದ ಕೊಟ್ಟರೆ ಇಲ್ಲ. ಟೆಸ್ಟುಗಳಲ್ಲಿ ಎರಡೂ ಕಡೆ ಲಿಟರಲ್, ಪಾಸಾಗದೆ ಏನು?

ಪಾಸ್‌ವರ್ಡನ್ನು ಮೊದಲಿಂದಲೇ ಕ್ಯಾರೆಕ್ಟರ್ ಅರೇಯಲ್ಲಿಟ್ಟು ಕೆಲಸ ಮುಗಿದ ಮೇಲೆ ಅಳಿಸಿ. ಸ್ವಿಂಗ್‌ನ ಪಾಸ್‌ವರ್ಡ್ ಫೀಲ್ಡ್ ಅರೇ ಕೊಡುವುದು ಇದಕ್ಕೇ. ಬೇರೆಯವರ ಹಳೇ ಕೋಡ್ ಕೈಗೆ ಬಂದರೆ ಮೊದಲು 'ಸೆಟ್‌ಆಕ್ಸೆಸಿಬಲ್' ಹುಡುಕಿ.

ಇಷ್ಟೆಲ್ಲ ತೋರಿಸಿದರೂ ಲೀಡ್ ಜಾಬ್‌ನ ಪಾಸ್‌ವರ್ಡ್ ಬದಲಿಸಿ ಯುಟಿಲಿಟಿ ಉಳಿಸಿಕೊಂಡರು. ಮುಂದೆ, 2021ರಲ್ಲಿ ಬಂದ ಜಾವಾ 17ಕ್ಕೆ ಹೋದಾಗ ಅದು ಎಕ್ಸೆಪ್ಷನ್ ಎಸೆದು ನಿಂತಿತು. ಆಡ್-ಓಪನ್ಸ್ ಫ್ಲ್ಯಾಗ್ ಹಾಕಿ ಬಾಗಿಲು ತೆರೆಸಿದರು. ಒಳಗಿನ ಅರೇ ಜಾವಾ 9ರಿಂದಲೇ ಬೈಟ್ ಅರೇ ಆಗಿತ್ತು, ಕಾಸ್ಟ್ ಕೈಕೊಟ್ಟಿತು. ಆಮೇಲೆ ತೆಗೆದರು, ಕಮಿಟ್ ಮೆಸೇಜಿನಲ್ಲಿ 'ಮೈನರ್ ಕ್ಲೀನಪ್' ಎಂದು ಬರೆದು.