ಸೋತ ಆಟವನ್ನು ಮೊದಲು ನೀನೇ ನೋಡು

ಮಗೂ, ಚೆಸ್ ರೇಟಿಂಗ್ ಪಟ್ಟಿಯಲ್ಲಿ ನಿನ್ನ ಹೆಸರು ಬಂದಾಗಿನಿಂದ ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಆ ಅಂಕಿಯನ್ನೇ. ಕೇಳಲಿ ಬಿಡು. ಆದರೆ ಅದರ ಲೆಕ್ಕ ಹೇಗೆಂದು ನಿನಗೆ ಗೊತ್ತಿರಬೇಕು. ಹದಿನೆಂಟರ ಒಳಗಿನವರಿಗೆ, ರೇಟಿಂಗ್ 2300ರ ಕೆಳಗಿರುವ ತನಕ, ವಿಶ್ವ ಚೆಸ್ ಸಂಸ್ಥೆ ಫಿಡೆ ಇಟ್ಟಿರುವ ಗುಣಕ 40. ನಿನ್ನ ಸರಿಸಮ ರೇಟಿಂಗಿನವರ ಎದುರು ಸೋತರೆ ಅದರ ಅರ್ಧ, 20 ಅಂಕ ಹೋಯಿತು, ಗೆದ್ದರೆ 20 ಬಂತು. ಪಕ್ಕದ ಬೋರ್ಡಿನಲ್ಲಿ ಕೂತ ನಡುವಯಸ್ಸಿನ ಹಳೇ ಆಟಗಾರರಿಗೆ ಅದೇ ಸೋಲಿನಲ್ಲಿ ಹೋಗುವುದು ಹೆಚ್ಚಾಗಿ 10. ಮಕ್ಕಳು ಬೇಗ ಬೆಳೆಯುತ್ತಾರೆ, ಅಂಕಿಯೂ ಅವರ ಹಿಂದೆ ಓಡಲಿ ಎಂದೇ ಈ ಏರ್ಪಾಡು. ಹಾಗಾಗಿ ಒಂದು ಟೂರ್ನಿಯಲ್ಲಿ 80 ಅಂಕ ಕಳೆದುಕೊಂಡು ಬಂದರೆ ಅಳಬೇಡ, ಗಳಿಸಿ ಬಂದರೆ ಬೀಗಲೂಬೇಡ.

ಗೆದ್ದ ಆಟದ ಬಗ್ಗೆ ನಾನು ಹೇಳಬೇಕಾದ್ದು ಹೆಚ್ಚಿಲ್ಲ. ಸೋತ ಆಟದ್ದೇ ಮಾತು.

ಮಕ್ಕಳು ಸೋತಾಗ ಏನು ಮಾಡುತ್ತಾರೆಂದು ಎಷ್ಟೋ ಟೂರ್ನಿಗಳಲ್ಲಿ ನೋಡಿದ್ದೇನೆ. ಸ್ಕೋರ್‌ಶೀಟಿಗೆ ಸಹಿ ಹಾಕಿ, ಪ್ರತಿಯನ್ನು ಮುದುರಿ ಜೇಬಿಗೆ ತುರುಕಿ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡುತ್ತಾರೆ. ಅಲ್ಲಿ ಅಪ್ಪ ಫೋನು ಹಿಡಿದು ಕಾಯುತ್ತಿರುತ್ತಾರೆ. ನಡೆಗಳನ್ನು ಅದರಲ್ಲಿರುವ ಚೆಸ್ ಎಂಜಿನ್‌ಗೆ ಹಾಕಿದ ಕೂಡಲೇ ತಪ್ಪು ನಡೆಯ ಮುಂದೆ ಕೆಂಪು ಗುರುತು ಬೀಳುತ್ತದೆ. ‘ಇದನ್ನೂ ನೋಡಲಿಲ್ವಾ?’ ಅಷ್ಟಕ್ಕೆ ಪಾಠ ಮುಗಿಯಿತು. (ಅಪ್ಪಂದಿರೇ, ಮೊದಲು ಮಗುವಿಗೆ ಏನಾದರೂ ತಿನ್ನಲು ಕೊಡಿ.)

ಎಂಜಿನ್‌ಗೆ ತಪ್ಪು ನಡೆ ಯಾವುದೆಂದು ಗೊತ್ತು. ನೀನು ಕುದುರೆಯನ್ನು ಅಂಚಿನ ಮನೆಗೆ ಯಾಕೆ ಹಾರಿಸಿದೆ ಎಂಬುದು ಮಾತ್ರ ಗೊತ್ತಿಲ್ಲ. ಎದುರಾಳಿಯ ರೇಟಿಂಗ್ ನೋಡಿ ಹೆದರಿದೆಯಾ? ಒಂದು ಕಾಲಾಳಿನ ಆಸೆಗೆ ಬಿದ್ದೆಯಾ? ಗಡಿಯಾರದಲ್ಲಿ ಮೂರೇ ನಿಮಿಷ ಉಳಿದಿತ್ತಾ? ಅದನ್ನು ಅದೇ ರಾತ್ರಿ ನೋಟ್‌ಬುಕ್ಕಿನಲ್ಲಿ ನಿನ್ನ ಕೈಯಾರೆ ಬರೆದಿಡು. ಎಂಜಿನ್ ಮರುದಿನಕ್ಕೆ ಇರಲಿ.

ಇದು ಮುದುಕನ ಹಠ ಅಂದುಕೊಳ್ಳಬೇಡ. ಗುಕೇಶನ ಗುರು ವಿಷ್ಣು ಪ್ರಸನ್ನ ಅವನ ರೇಟಿಂಗ್ 2500ರ ಆಸುಪಾಸಿಗೆ ಬರುವ ತನಕ ಎಂಜಿನ್ ಬಳಸಲು ಬಿಡಲಿಲ್ಲ. ಆ ಹುಡುಗ 12 ವರ್ಷ 7 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆದ, 18ಕ್ಕೆ ವಿಶ್ವ ಚಾಂಪಿಯನ್. ಅವನೂ ಸೋತವನೇ. ವಿಶ್ವ ಪಟ್ಟಕ್ಕೆ ಸವಾಲುಗಾರನನ್ನು ಆರಿಸುವ 2024ರ ಟೊರಾಂಟೊ ಕ್ಯಾಂಡಿಡೇಟ್ಸ್‌ನ ಏಳನೇ ಸುತ್ತಿನಲ್ಲಿ, ಸಮಯ ಸಾಲದೆ ಫಿರೋಜಾ ಎದುರು ಆಟ ಬಿಟ್ಟುಕೊಟ್ಟ. ಕೊನೆಗೆ ಆ ಟೂರ್ನಿ ಗೆದ್ದವನೂ ಅವನೇ.

ಓಪನಿಂಗ್‌ಗಳನ್ನು ಬಾಯಿಪಾಠ ಮಾಡುವ ಹುಚ್ಚು ನಿನಗೆ ಸ್ವಲ್ಪ ಜಾಸ್ತಿ ಇದೆ. ಅದರಲ್ಲಿ ಅರ್ಧ ಹೊತ್ತನ್ನು ಎಂಡ್‌ಗೇಮಿಗೆ ಕೊಡು. ಸಿಂಗಪುರದಲ್ಲಿ ಗುಕೇಶ ಆಡಿದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಟ್ಟ ಕೈ ಬದಲಾದದ್ದು ಎಲ್ಲಿ? 14ನೇ ಆಟದ ಎಂಡ್‌ಗೇಮಿನಲ್ಲಿ, ಡ್ರಾ ಆಗಬಹುದಾಗಿದ್ದ ಸ್ಥಿತಿಯಲ್ಲಿ, ಆಗಿನ ಚಾಂಪಿಯನ್ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ತಪ್ಪು ಮನೆಗೆ ಸರಿಸಿದಾಗ.

ಇನ್ನು ವಯಸ್ಸಿನ ಮಾತು. ಹನ್ನೆರಡಕ್ಕೆ ಆಗದಿದ್ದರೆ ಇನ್ನಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ಹೆಸರು ಹೇಳು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಅವರು. ರೈಲ್ವೆ ನೌಕರಿಯ ಜೊತೆಗೇ ಆಡುತ್ತ ಬಂದು 2017ರಲ್ಲಿ ಆ ಪಟ್ಟ ಪಡೆದಾಗ ಅವರಿಗೆ ಮೂವತ್ತು ದಾಟಿತ್ತು. ಅವರಿಗೂ ಗುಕೇಶನಿಗೂ ಬೇಕಾದದ್ದು ಅದೇ ಮೂರು ನಾರ್ಮ್ (ಟೂರ್ನಿಯಲ್ಲಿ ತೋರಬೇಕಾದ ನಿಗದಿತ ಮಟ್ಟದ ಆಟ), ಅದೇ 2500 ರೇಟಿಂಗ್.

ಮುಂದಿನ ಟೂರ್ನಿಗೆ ಹೊರಡುವಾಗ ಎರಡು ಪೆನ್ನು, ಒಂದು ನೋಟ್‌ಬುಕ್ಕು ಬ್ಯಾಗಿಗೆ ಹಾಕಿಕೋ. ಫೋನು ಮನೆಯಲ್ಲೇ ಇರಲಿ. ಹೇಗಿದ್ದರೂ ಅದನ್ನು ಆಟದ ಹಾಲಿನೊಳಗೆ ಬಿಡುವುದಿಲ್ಲ.