ಲೀಟರು, ಗಂಟೆ, ಹಾಜರಿ: ಮೆಂಟೆನೆನ್ಸ್ ಲೆಕ್ಕ ಕೇಳುವವರಿಗೆ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಮೆಂಟೆನೆನ್ಸ್ ಜಾಸ್ತಿಯಾಯಿತು ಎನ್ನುವ ಮಾತು ಕಿವಿಗೆ ಬೀಳುತ್ತದೆ. ಹಣ ಎಲ್ಲಿ ಹೋಯಿತು ಎಂದು ಕೇಳಿದರೆ ಒಂದು ಪುಟದ ಪಟ್ಟಿ ಕೈಗೆ ಬರುತ್ತದೆ. ನೀರಿಗೆ ಇಷ್ಟು ಲಕ್ಷ, ಡೀಸೆಲ್‌ಗೆ ಇಷ್ಟು, ಸೆಕ್ಯುರಿಟಿಗೆ ಇಷ್ಟು. ಕೂಡಿ ನೋಡಿದರೆ ಮೊತ್ತ ಸರಿಯಾಗಿಯೇ ಇರುತ್ತದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಮೇಲೆ ನಮ್ಮ ಸಂಘದ್ದೂ, ಕರೆದ ಬೇರೆ ಸಂಘಗಳದ್ದೂ ಲೆಕ್ಕ ನೋಡಿಕೊಡುತ್ತ ಬಂದಿದ್ದೇನೆ. ಆ ಪಟ್ಟಿಯನ್ನು ಎಷ್ಟು ತಿರುವಿದರೂ ಸಿಗದ ಉತ್ತರ ಪಂಪ್ ರೂಮಿನ ಪುಸ್ತಕದಲ್ಲಿ, ಗೇಟಿನ ರಿಜಿಸ್ಟರಿನಲ್ಲಿ ಸಿಕ್ಕಿದ್ದೇ ಹೆಚ್ಚು.

1. ಕಟ್ಟುತ್ತಲೇ ಕೇಳಿ

ಲೆಕ್ಕ ಕೊಡುವವರೆಗೆ ಮೆಂಟೆನೆನ್ಸ್ ಕಟ್ಟುವುದಿಲ್ಲ ಎಂದು ಹಟ ಹಿಡಿದವರ ಹೆಸರು ಮೊದಲು ಬಾಕಿದಾರರ ಪಟ್ಟಿ ಸೇರುತ್ತದೆ. ಆಮೇಲೆ ಅವರ ಪ್ರಶ್ನೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ, ನಾನು ಲಿಫ್ಟ್ ಬಳಸುವುದಿಲ್ಲ, ಕ್ಲಬ್‌ಹೌಸ್ ಕಡೆ ಕಾಲಿಡುವುದಿಲ್ಲ ಎಂಬ ಕಾರಣಕ್ಕೆ ಸಾಮಾನ್ಯ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಕಟ್ಟದೆ ಉಳಿದ ಬಾಕಿ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ. ಹಣ ಕಟ್ಟಿ, ಜೊತೆಗೆ ಒಂದು ಪತ್ರ ಕೊಡಿ: ಈ ಬಾಬತ್ತಿನ ಬಗ್ಗೆ ನನ್ನ ಆಕ್ಷೇಪವಿದೆ, ಅದನ್ನು ಉಳಿಸಿಕೊಂಡೇ ಕಟ್ಟುತ್ತಿದ್ದೇನೆ ಎಂದು. ಪತ್ರದ ನಕಲಿನ ಮೇಲೆ ಸ್ವೀಕೃತಿಯ ಸಹಿ ಇರಲಿ.

2. ನಿಮ್ಮ ಸಂಘ ಯಾವ ಕಾಯ್ದೆಯ ಕೆಳಗಿದೆ?

ಇದು ಎಷ್ಟೋ ಕಮಿಟಿ ಸದಸ್ಯರಿಗೇ ಗೊತ್ತಿರುವುದಿಲ್ಲ. ಕೆಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ, ಕೆಲವು 1972ರ ಒಡೆತನ ಕಾಯ್ದೆಯಡಿ ರಚನೆಯಾಗಿವೆ. ಎರಡರ ಹಾದಿ ಬೇರೆ. ಒಡೆತನ ಕಾಯ್ದೆಯಲ್ಲಿ ಖರ್ಚು ಹಂಚುವ ಸೂತ್ರವನ್ನು ಕಾನೂನೇ ಹೇಳಿದೆ: ಸಾಮಾನ್ಯ ಜಾಗದಲ್ಲಿ ನಿಮಗೆಷ್ಟು ಶೇಕಡಾ ಅವಿಭಜಿತ ಪಾಲು ಇದೆಯೋ ಅಷ್ಟು. ಆ ಶೇಕಡಾವಾರು ನೋಂದಣಿಯಾದ ಡಿಕ್ಲರೇಷನ್ ಪತ್ರದಲ್ಲಿರುತ್ತದೆ. ಮನೆಗೆ ಇಷ್ಟು ಎಂದು ಸಮನಾಗಿ ಹಾಕಬೇಕೋ ಚದರಡಿಗೆ ಇಷ್ಟು ಎಂದು ಹಾಕಬೇಕೋ ಎಂಬ ಜಗಳ ಎಲ್ಲ ಸಂಘಗಳಲ್ಲೂ ನಡೆಯುತ್ತದೆ. ಜಗಳಕ್ಕೆ ಇಳಿಯುವ ಮುನ್ನ ಆ ಪತ್ರವನ್ನೂ ನಿಮ್ಮ ಬೈಲಾವನ್ನೂ ಒಮ್ಮೆ ಕೂತು ಓದಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

3. ನೀರಿನ ಬಿಲ್ಲಿಗೆ ಮುನ್ನ ನೀರಿನ ಅಳತೆ

ಬೆಂಗಳೂರಿನ ಹೊರವಲಯದ ಸಂಘಗಳಲ್ಲಿ ಹಣ ಹೆಚ್ಚು ಸೋರುವ ಜಾಗ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಗರದ ನೀರು ಸರಬರಾಜಿಗೆ ಎಂಜಿನಿಯರುಗಳು ಹಿಡಿಯುವ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ನೂರು ಮನೆ, ಮನೆಗೆ ನಾಲ್ಕು ಜನ ಎಂದುಕೊಳ್ಳಿ. ದಿನಕ್ಕೆ 54,000 ಲೀಟರ್ ಬೇಕು. ಕಾವೇರಿ ಸಂಪರ್ಕದಿಂದ 30,000 ಲೀಟರ್ ಬರುತ್ತಿದ್ದರೆ ಉಳಿದ 24,000ಕ್ಕೆ 12,000 ಲೀಟರಿನ ಎರಡು ಟ್ಯಾಂಕರ್ ಸಾಕು, ತಿಂಗಳಿಗೆ ಅರವತ್ತು. ಬಿಲ್ಲಿನಲ್ಲಿ ನೂರಹತ್ತು ಟ್ಯಾಂಕರ್ ಇದ್ದರೆ ಆಗ ಪ್ರಶ್ನೆ ಹುಟ್ಟುತ್ತದೆ. ಕದ್ದರು ಎಂದು ತಕ್ಷಣ ಹೇಳಬೇಡಿ. ಮೇಲಿನ ಟ್ಯಾಂಕ್ ರಾತ್ರಿಯೆಲ್ಲ ತುಂಬಿ ಹರಿಯುತ್ತಿರಬಹುದು, ಹಳೆಯ ಫ್ಲಶ್ ವಾಲ್ವುಗಳು ಸದ್ದಿಲ್ಲದೆ ಸೋರುತ್ತಿರಬಹುದು, ಸಂಪಿನ ಗೋಡೆ ಬಿರುಕು ಬಿಟ್ಟಿರಬಹುದು. ಸಂಪಿನ ಬಾಯಿಗೆ ಒಂದು, ಪ್ರತಿ ಬ್ಲಾಕಿಗೆ ಹೋಗುವ ಪೈಪಿಗೆ ಒಂದೊಂದು ಮೀಟರ್ ಹಾಕಿಸಿದರೆ ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ತಿಳಿಯುತ್ತದೆ. ಬಂದ ನೀರೇ ಕಡಿಮೆ ಇದ್ದರೆ ಟ್ಯಾಂಕರಿನವನನ್ನು ಕೇಳಬೇಕು. ಬಂದ ನೀರು ಸರಿಯಿದ್ದು ಮನೆಗಳಿಗೆ ಮುಟ್ಟದಿದ್ದರೆ ಪ್ಲಂಬರನನ್ನು ಕರೆಸಬೇಕು.

ಟ್ಯಾಂಕರಿನ ಮೇಲೆ ಬರೆದಿರುವ ಲೀಟರಿಗೂ ಅದು ಇಳಿಸುವ ನೀರಿಗೂ ಬಹಳ ಸಲ ತಾಳೆಯಾಗುವುದಿಲ್ಲ. ಒಂದು ಸಂಘದಲ್ಲಿ ಮೀಟರ್ ಕೂರಿಸಿದ ವಾರ ಪಂಪ್ ಆಪರೇಟರನನ್ನು ಕೇಳಿದೆ, "ಏನಪ್ಪಾ, ಇವತ್ತಿನ ಗಾಡಿ ಎಷ್ಟು ಇಳಿಸಿತು?" ಆತ ಪುಸ್ತಕ ತೆರೆದು ತೋರಿಸಿ, "ಸರ್, ಮೀಟರ್ ಇಟ್ಟ ಮೇಲೆ ಅವರೇ ದೊಡ್ಡ ಗಾಡಿ ಕಳಿಸ್ತಿದ್ದಾರೆ" ಎಂದ. ಯಾರಿಗೂ ಪತ್ರ ಬರೆಯಬೇಕಾಗಲಿಲ್ಲ.

ದರದ ವಿಷಯವನ್ನೂ ನೆನಪಿಡಿ. 2024ರ ಬೇಸಿಗೆಯ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರಿಗೆ ದರ ಗೊತ್ತುಮಾಡಿತ್ತು: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ ₹1,000, 6,000 ಲೀಟರಿಗೆ ₹600. ಆ ತಿಂಗಳುಗಳ ವೋಚರ್‌ಗಳು ನಿಮ್ಮ ಸಂಘದಲ್ಲಿ ಇನ್ನೂ ಇದ್ದರೆ ತೆಗೆದು ನೋಡಿ. ಕಷ್ಟಕಾಲದಲ್ಲಿ ಕೊಟ್ಟ ದರವೇ ಮಳೆ ಬಂದ ಮೇಲೂ ಮುಂದುವರಿದಿದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

4. ಜನರೇಟರಿಗೆ ಗಂಟೆಯ ಮೀಟರ್ ಇದೆ

ಪ್ರತಿ ಜನರೇಟರಿನಲ್ಲೂ ಅದು ಓಡಿದ ಗಂಟೆ ತೋರಿಸುವ ಮೀಟರ್ ಇರುತ್ತದೆ. ತಿಂಗಳ ಮೊದಲ ದಿನ ಮತ್ತು ಕೊನೆಯ ದಿನದ ಅಂಕಿ, ಟ್ಯಾಂಕಿನಲ್ಲಿ ಉಳಿದ ಡೀಸೆಲ್, ಖರೀದಿಸಿದ ಲೀಟರ್, ಉತ್ಪಾದನೆಯಾದ ಯೂನಿಟ್, ಇಷ್ಟು ಬರೆದಿಡಿಸಿ. ಸಾಕಷ್ಟು ಲೋಡ್ ಇದ್ದಾಗ ಲೀಟರಿಗೆ ಮೂರು, ಮೂರೂವರೆ ಯೂನಿಟ್ ಬರಬೇಕು. ನಡುರಾತ್ರಿ ಒಂದೆರಡು ಲಿಫ್ಟಿಗಾಗಿ ದೊಡ್ಡ ಜನರೇಟರ್ ಓಡಿದರೆ ಅದು ಇಳಿಯುತ್ತದೆ, ಅದು ಸಹಜ. ಲೋಡ್ ಚೆನ್ನಾಗಿದ್ದೂ ತಿಂಗಳ ಮೇಲೆ ತಿಂಗಳು ಎರಡರ ಕೆಳಗೇ ನಿಂತರೆ ಮಾತ್ರ ಯಂತ್ರವನ್ನೂ ಟ್ಯಾಂಕಿನ ಬೀಗವನ್ನೂ ನೋಡಬೇಕು.

5. ಗೇಟಿನಲ್ಲಿ ನಿಲ್ಲುವವರನ್ನು ಎಣಿಸಿ, ಅವರ ಕೈಗೆಷ್ಟು ಎಂದೂ ಕೇಳಿ

ದಿನದ ಇಪ್ಪತ್ನಾಲ್ಕು ಗಂಟೆ ಒಂದು ಗೇಟ್ ಕಾಯಲು ಎಂಟು ಗಂಟೆಯ ಪಾಳಿಯಲ್ಲಿ ವಾರಕ್ಕೆ 21 ಪಾಳಿ. ಒಬ್ಬ ವಾರಕ್ಕೆ ಆರು ಪಾಳಿ ಮಾಡಿದರೆ ಮೂರೂವರೆ ಜನ ಬೇಕು. ಮೂರು ಗೇಟಿಗೆ ಹತ್ತು, ಹನ್ನೊಂದು. ಏಜೆನ್ಸಿಯ ಬಿಲ್ಲಿನಲ್ಲಿ ಹನ್ನೊಂದು ಹೆಸರಿದ್ದು ಹಾಜರಿ ಪುಸ್ತಕದಲ್ಲಿ ಏಳೇ ಸಹಿ ಇದ್ದರೆ, ಒಂದೋ ನೀವು ಇಲ್ಲದವರಿಗೆ ಹಣ ಕೊಡುತ್ತಿದ್ದೀರಿ, ಇಲ್ಲವೇ ಏಳು ಜನ ಹಗಲು ರಾತ್ರಿ ಸೇರಿಸಿ ದುಡಿಯುತ್ತಿದ್ದಾರೆ. ನಾನು ನೋಡಿದ್ದು ಹೆಚ್ಚಾಗಿ ಎರಡನೆಯದು.

ಈ ಬಾಬತ್ತಿನಲ್ಲಿ ಖರ್ಚು ಇಳಿಸುವ ಉತ್ಸಾಹಕ್ಕೆ ಒಂದು ಮಿತಿ ಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಕನಿಷ್ಠ ವೇತನ, ಪಿಎಫ್‌ಗೆ ಮಾಲೀಕರ ಪಾಲು 12%, ಇಎಸ್‌ಐಗೆ 3.25%, ಸಮವಸ್ತ್ರ, ರಜೆಗೆ ಬದಲಿ ಆಳು, ಎಲ್ಲ ಕೂಡಿದ ಮೊತ್ತಕ್ಕಿಂತ ಕಡಿಮೆಗೆ ಏಜೆನ್ಸಿ ಒಪ್ಪಿದೆ ಎಂದರೆ ಆ ಕೊರತೆಯನ್ನು ತುಂಬುತ್ತಿರುವವನು ಕಾವಲುಗಾರ. ಒಡಿಶಾ, ಅಸ್ಸಾಮು, ರಾಯಚೂರು ಕಡೆಯಿಂದ ಬಂದು ಬೇಸ್‌ಮೆಂಟಿನ ಮೂಲೆಯಲ್ಲಿ ಊಟ ಮಾಡುವ ಆ ಹುಡುಗರ ಹೆಸರು ಪಿಎಫ್ ಮತ್ತು ಇಎಸ್‌ಐ ಚಲನ್ನಿನ ಪಟ್ಟಿಯಲ್ಲಿ ಇದೆಯೇ ಎಂದು ಪ್ರತಿ ತಿಂಗಳ ಬಿಲ್ಲಿನ ಜೊತೆ ನೋಡಬೇಕು. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲೀಕನಾಗಿ ಸಂಘದ ತಲೆಗೇ ಬರುತ್ತದೆ.

6. ಕಾರ್ಪಸ್ ಎಲ್ಲಿದೆ, ಯಾರ ಹೆಸರಿನಲ್ಲಿದೆ

ಸೇಲ್ ಅಗ್ರಿಮೆಂಟಿನಲ್ಲಿ ಕಾರ್ಪಸ್ ಫಂಡ್ ಎಂದು ಬರೆದ ಮೊತ್ತವನ್ನು ಎಲ್ಲ ಫ್ಲ್ಯಾಟುಗಳಿಗೂ ಕೂಡಿ. ಬಿಲ್ಡರ್ ಸಂಘಕ್ಕೆ ಒಪ್ಪಿಸಿದ್ದು ಅಷ್ಟೇ ಇದೆಯೇ? ಇಲ್ಲದಿದ್ದರೆ ವ್ಯತ್ಯಾಸಕ್ಕೆ ಲಿಖಿತ ವಿವರಣೆ ಬೇಕು. ಠೇವಣಿ ಇದೆ ಎಂಬ ಮಾತಿಗೆ ತೃಪ್ತಿಪಡದೆ ಎಫ್‌ಡಿ ರಶೀದಿಗಳ ನಕಲು ನೋಡಿ: ಯಾವ ಬ್ಯಾಂಕು, ಯಾವ ಹೆಸರು, ಮುಗಿಯುವ ದಿನ, ಅದರ ಮೇಲೆ ಸಾಲ ತೆಗೆದಿದ್ದಾರೆಯೇ. ಪ್ರತಿ ವರ್ಷ ಕಾರ್ಪಸ್ ಸ್ವಲ್ಪಸ್ವಲ್ಪ ಕರಗುತ್ತಿದ್ದರೆ ತಿಂಗಳ ಖರ್ಚಿಗೆ ಸಾಲುವಷ್ಟು ಮೆಂಟೆನೆನ್ಸ್ ವಸೂಲಾಗುತ್ತಿಲ್ಲ ಎಂದೇ ಅರ್ಥ. ಅಂಥ ಕಡೆ ಹೆಚ್ಚಳವನ್ನು ವಿರೋಧಿಸುವುದು ಮುಂದೆ ಲಿಫ್ಟ್ ಬದಲಿಸುವ ಹೊತ್ತಿಗೆ ದೊಡ್ಡ ವಂತಿಗೆಯನ್ನು ಬರಮಾಡಿಕೊಂಡಂತೆ.

ಸದಸ್ಯರು ತಮ್ಮೊಳಗೇ ಕೂಡಿಸಿಕೊಂಡ ಹಣಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಬ್ಯಾಂಕಿನ ಬಡ್ಡಿಗೆ ಇದೆ. 2013ರಲ್ಲಿ ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಬಡ್ಡಿ ಬರುತ್ತಿದ್ದೂ ಸಂಘ ರಿಟರ್ನ್ ಸಲ್ಲಿಸಿಲ್ಲವಾದರೆ ಈಗಲೇ ಎಚ್ಚರಿಸಿ.

7. ಜಿಎಸ್‌ಟಿ ಸಾಲು

ಒಬ್ಬ ಸದಸ್ಯರ ತಿಂಗಳ ಮೆಂಟೆನೆನ್ಸ್ ₹7,500 ಮೀರಬೇಕು, ಸಂಘದ ವಾರ್ಷಿಕ ವಹಿವಾಟೂ ₹20 ಲಕ್ಷ ಮೀರಬೇಕು. ಎರಡೂ ಆದಾಗಲೇ 18% ತೆರಿಗೆ. ಎರಡರಲ್ಲಿ ಒಂದು ಮೀರದಿದ್ದರೂ ತೆರಿಗೆ ವಸೂಲಿ ಮಾಡುವಂತಿಲ್ಲ. ಎರಡು ಫ್ಲ್ಯಾಟ್ ಇರುವವರಿಗೆ ಮಿತಿ ಫ್ಲ್ಯಾಟಿಗೊಂದರಂತೆ. ಮಿತಿ ಮೀರಿದ ಹೆಚ್ಚುವರಿ ಹಣಕ್ಕಷ್ಟೇ ತೆರಿಗೆ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿದೆ, ಇಲಾಖೆಯ ಸುತ್ತೋಲೆ ಇಡೀ ಮೊತ್ತಕ್ಕೆ ಎನ್ನುತ್ತದೆ. ನಿಮ್ಮ ಖಜಾಂಚಿ ಯಾವುದನ್ನು ಅನುಸರಿಸುತ್ತಿದ್ದಾರೆ ಎಂದು ಕೇಳಿ.

8. ಒಂದು ಬಾಬತ್ತು, ಒಂದು ತಿಂಗಳು, ಒಂದು ಪತ್ರ

ಐದು ವರ್ಷದ ಪೂರ್ತಿ ಲೆಕ್ಕ ಬೇಕು ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರೆ ಉತ್ತರ ಬರುವುದಿಲ್ಲ, ಜಗಳ ಬರುತ್ತದೆ. ಕಮಿಟಿಯವರೂ ಆಫೀಸು ಮುಗಿಸಿ ಬಂದು ಸಂಬಳವಿಲ್ಲದೆ ದುಡಿಯುವ ನೆರೆಹೊರೆಯವರು. ಅವರ ಪ್ರಾಮಾಣಿಕತೆಯನ್ನು ಎಲ್ಲರೆದುರು ಅನುಮಾನಿಸಿದ ಮೇಲೆ ಒಳ್ಳೆಯವರು ಯಾರೂ ಮುಂದಿನ ಸಲ ನಿಲ್ಲುವುದಿಲ್ಲ. ಬದಲಿಗೆ, ಮಾರ್ಚ್ ತಿಂಗಳ ಡೀಸೆಲ್ ವೋಚರ್‌ಗಳನ್ನೂ ಲಾಗ್ ಪುಸ್ತಕವನ್ನೂ ಶನಿವಾರ ನೋಡಬಹುದೇ ಎಂದು ಕಾರ್ಯದರ್ಶಿಗೆ ಬರೆಯಿರಿ. ಇಂಥ ಪತ್ರಕ್ಕೆ ಇಲ್ಲ ಎನ್ನುವುದು ಕಷ್ಟ. ಎಲ್ಲ ಸರಿಯಿದ್ದರೆ, ಸರಿಯಿದೆ ಎಂದೂ ಬರೆದು ಕೊಡಿ.

ಕೊಟೇಷನ್‌ಗಳನ್ನು ಮಾತ್ರ ಕಣ್ಣಿಟ್ಟು ನೋಡಿ. ಮೂರು ಕಂಪನಿಗಳ ಮೂರು ಕಾಗದದಲ್ಲೂ ಒಂದೇ ಕಾಗುಣಿತದ ತಪ್ಪು, ಒಂದೇ ಸಾಲಿನ ಕ್ರಮ ಇದ್ದರೆ ಅವನ್ನು ಬರೆದ ಕೈ ಒಂದೇ. ಆಡಿಟ್ ಆಗಿದೆಯಲ್ಲ ಎಂಬ ಉತ್ತರ ಇಲ್ಲಿ ಸಾಲದು. ಲೆಕ್ಕಪರಿಶೋಧಕರು ಬಿಲ್ಲು ಇದೆಯೇ ಎಂದು ನೋಡುತ್ತಾರೆ, ನೀರು ಬಂತೇ ಎಂದು ಸಂಪಿನ ಬಳಿ ನಿಂತು ನೋಡುವುದಿಲ್ಲ. ಆ ಕೆಲಸಕ್ಕೆ ಕಮಿಟಿಯಲ್ಲಿಲ್ಲದ ಇಬ್ಬರು ನಿವಾಸಿಗಳನ್ನು ಸರ್ವಸದಸ್ಯರ ಸಭೆಯೇ ನೇಮಿಸುವುದು ಒಳ್ಳೆಯದು.

9. ರಿಜಿಸ್ಟ್ರಾರ್ ಕಚೇರಿ ಕೊನೆಗೆ

1960ರ ಕಾಯ್ದೆಯಡಿ ಇರುವ ಸಂಘದಲ್ಲಿ ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬೇಕು. ಅಷ್ಟು ಸಹಿ ಕೂಡದಿದ್ದರೂ ಇನ್ನೊಂದು ದಾರಿಯಿದೆ. ಈ ಸಂಘಗಳು ಪ್ರತಿವರ್ಷ ಸರ್ವಸದಸ್ಯರ ಸಭೆಯ ಬಳಿಕ ಲೆಕ್ಕಪತ್ರಗಳನ್ನು ಆ ಕಚೇರಿಗೆ ಸಲ್ಲಿಸಬೇಕು. ಸಂಘ ಸಾಮಾನ್ಯವಾಗಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರದಿದ್ದರೂ ಕಚೇರಿಯಲ್ಲಿರುವ ಕಾಗದದ ನಕಲನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. ಅಲ್ಲಿಂದ ತಂದ ಪ್ರತಿಯನ್ನೂ ನಿಮಗೆ ಸಭೆಯಲ್ಲಿ ಹಂಚಿದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಕಳೆದ ವರ್ಷದ ಕೊನೆಯ ಶಿಲ್ಕು ಈ ವರ್ಷದ ಮೊದಲ ಶಿಲ್ಕಿಗೆ ಹೊಂದುತ್ತದೆಯೇ ಎಂಬಲ್ಲಿಂದ ಓದಲು ಶುರುಮಾಡಿ.