ದೂರದರ್ಶನವೂ ನಮ್ಮ ಸೀಮೆಯ ಬಯಲಾಟವೂ

ಕುರುವತ್ತಿಯ ಮದನಿಕೆಯರೂ ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳೂ ಕಲ್ಲಿನಲ್ಲಿ ಮೂಡಿದವಾದುದರಿಂದ ಶತಮಾನಗಳನ್ನು ದಾಟಿ ನಮ್ಮವರೆಗೆ ಬಂದಿವೆ. ಆದರೆ ರಾತ್ರಿಯಿಡೀ ಆಡಿದ ಬಯಲಾಟವು ಬೆಳಗಾಗುತ್ತಲೇ ಮುಗಿಯುತ್ತದೆ. ಆಮೇಲೆ ಉಳಿಯುವವು ಎರಡೇ: ಆಡಿದವರ ಗಂಟಲು, ನೋಡಿದವರ ನೆನಪು. ಇಂಥ ಕಲೆಗಳನ್ನು ಹಿಡಿದಿಡಬಲ್ಲ ದೂರದರ್ಶನವೆಂಬ ಸಾಧನವು ದೊರೆತುದು ನಮ್ಮ ಕಾಲದ ಭಾಗ್ಯವೇ ಸರಿ. ಆ ಭಾಗ್ಯದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಗೆ ಪಾಲೆಷ್ಟು, ಮುಂದೆ ಬರುವ ಕಲೆ, ನಾಟಕ, ಸಾಕ್ಷ್ಯಚಿತ್ರಗಳ ಕಾರ್ಯಕ್ರಮಗಳು ಹೇಗಿರಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ನಮ್ಮ ದೇಶದಲ್ಲಿ ದೂರದರ್ಶನವು ಪ್ರಾರಂಭವಾದುದು 1959ನೆಯ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1975ನೆಯ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳವು ತುಂಗಭದ್ರೆಯ ಆಚೆಯ ದಡ; ನಾವು ಈಚೆಯ ದಡದವರು. ಬೆಂಗಳೂರು ಕೇಂದ್ರದ ಪ್ರಸಾರವು 1981ನೆಯ ನವೆಂಬರ್ 1ರಂದು ಮೊದಲಾಯಿತು. ಇಂದು ಅದೇ ಪರಂಪರೆಯ ‘ಚಂದನ’ ವಾಹಿನಿಯನ್ನು ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ಮೂಲಕ ನಮ್ಮ ಹಳ್ಳಿಗಳಲ್ಲಿಯೂ ನೋಡಬಹುದು. ಪ್ರಸಾರ ಭಾರತಿಯು 2024ರಲ್ಲಿ ‘ವೇವ್ಸ್’ ಎಂಬ ಅಂತರ್ಜಾಲ ವೇದಿಕೆಯನ್ನೂ ತೆರೆದಿದೆ. ಆದುದರಿಂದ ತಲುಪಿಸುವ ದಾರಿಗಳಿಗೆ ಈಗ ಕೊರತೆಯಿಲ್ಲ. ಆ ದಾರಿಯಲ್ಲಿ ಏನನ್ನು ಕಳುಹಿಸಬೇಕು ಎಂಬುದೇ ಪ್ರಶ್ನೆ.

ಒಳ್ಳೆಯ ಮಾದರಿಗಳು ನಮ್ಮಲ್ಲಿಯೇ ಇವೆ. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯಾಗಿ ಆಗುಂಬೆಯಲ್ಲಿ ಚಿತ್ರಿಸಿದರು. ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ನೋಡಿತು. ಒಂದು ಸಣ್ಣ ಊರಿನ ಬೀದಿಯನ್ನು ಶ್ರದ್ಧೆಯಿಂದ ತೋರಿಸಿದರೆ ಅದು ಎಲ್ಲರ ಊರೂ ಆಗಬಲ್ಲದೆಂಬುದಕ್ಕೆ ಇದು ನಿದರ್ಶನ. ಇನ್ನು ಸಾಕ್ಷ್ಯಚಿತ್ರದಲ್ಲಿ ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರನ್ನು ಕುರಿತೂ 1988ರಲ್ಲಿ ಕನಕ-ಪುರಂದರರನ್ನು ಕುರಿತೂ ಚಿತ್ರಗಳನ್ನು ಮಾಡಿದರು. ಬೇಂದ್ರೆಯವರನ್ನು ಕಾಣದ ನಮ್ಮಂಥವರಿಗೂ ಇಂದು ಅವರ ಮುಖ, ಮಾತು ಸಿಗುವುದು ಇಂಥ ಕೆಲಸದಿಂದಲೇ.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ಬಯಲಾಟವು ಇಲ್ಲಿಯ ಜನರ ಮಹಾಕಾವ್ಯ; ಓದು ಬಾರದವರು ಭಾರತ-ರಾಮಾಯಣಗಳನ್ನು ಅರಿತುದು ಅದರಿಂದ. ನಮ್ಮ ತಂದೆಯವರು ಅಕ್ಷರ ಕಲಿತವರಲ್ಲ. ಆದರೂ ಕರ್ಣನ ಪಾತ್ರದ ಮಾತು, ಪದಗಳನ್ನೆಲ್ಲ ತಾಲೀಮಿನಲ್ಲಿ ಮಾಸ್ತರರ ಬಾಯಿಂದ ಕೇಳಿ ಕೇಳಿ ಕಂಠಪಾಠ ಮಾಡಿದ್ದಾರೆ. ಮಾಸ್ತರರು ಈಗಿಲ್ಲ, ಅವರ ಕೈಬರಹದ ಪ್ರತಿಗೆ ಗೆದ್ದಲು ಹತ್ತಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಕಳೆದ ರಜೆಯಲ್ಲಿ ತಂದೆಯವರು ಹೇಳುತ್ತ ಹೋದುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆನು. ಮಾತು ಕಾಗದಕ್ಕೆ ಬಂದಿತು. ಪದದ ಮಟ್ಟು ಬರಲಿಲ್ಲ. ತೆರೆ ಸರಿದಾಗ ವೇಷಧಾರಿ ಇಡುವ ಹೆಜ್ಜೆ, ಬಂದವರಾರೆಂದು ಕೇಳುವ ಸಾರಥಿಯ ಹಾಸ್ಯ, ಭಾಗವತರ ದನಿಗೆ ಮದ್ದಳೆಯವನು ಕೊಡುವ ಉತ್ತರ, ಇವೊಂದನ್ನೂ ನನ್ನ ಲೇಖನಿಯಿಂದ ಬರೆಯಲಾಗಲಿಲ್ಲ. ಕ್ಯಾಮೆರಾ ಬೇಕಾಗುವುದು ಇಂಥಲ್ಲಿಯೇ.

ಆದರೆ ಕ್ಯಾಮೆರಾ ಬಂದಮಾತ್ರಕ್ಕೆ ಕಾರ್ಯ ಸಾಧಿಸಿತೆಂದು ಭಾವಿಸಲಾಗದು. ರಾತ್ರಿಯಿಡೀ ನಡೆಯುವ ಆಟವನ್ನು ಅರ್ಧ ಗಂಟೆಗೆ ಕತ್ತರಿಸಿದರೆ ಉಳಿಯುವುದು ಕಿರೀಟ, ಭುಜಕೀರ್ತಿಗಳ ಥಳಕು ಮಾತ್ರ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನೇ ನೋಡಿರಿ. ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲು ಪ್ರತಿವರ್ಷವೂ ಸುದ್ದಿಯಾಗುತ್ತದೆ. ಮಳೆ-ಬೆಳೆ, ರಾಜಕೀಯಗಳಿಗೆ ಅದರ ಅರ್ಥವನ್ನು ಹಚ್ಚುವುದರಲ್ಲಿಯೇ ಸುದ್ದಿಯ ಸಮಯ ಮುಗಿಯುತ್ತದೆ. ಕರಿಯ ಕಂಬಳಿಯ ನಿಲುವಂಗಿ, ಕರಡಿಯ ಕೂದಲಿನ ಟೊಪ್ಪಿಗೆ, ಡಮರುಗ, ಕೊಳಲುಗಳ ಗೊರವರು ಯಾರು? ಅವರ ಮಕ್ಕಳು ಈ ಕುಣಿತವನ್ನು ಕಲಿಯುತ್ತಿರುವರೇ? ಜಾತ್ರೆ ಮುಗಿದ ಮೇಲೆ ಅವರ ಜೀವನವೇನು? ಸುದ್ದಿ ಬಿಟ್ಟುಹೋದ ಈ ಪ್ರಶ್ನೆಗಳನ್ನು ಕೇಳುವುದೇ ಸಾಕ್ಷ್ಯಚಿತ್ರದ ಧರ್ಮ.

ಕಲಾವಿದರು ತಾವೇ ಮಾತನಾಡಿದಾಗ ಆಗುವ ಉಪಕಾರಕ್ಕೆ ನೆರೆಯ ಮರಿಯಮ್ಮನಹಳ್ಳಿಯೇ ಸಾಕ್ಷಿ. ಜೋಗತಿ ಕುಣಿತದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರು ತಮ್ಮ ಬಾಳನ್ನು ತಮ್ಮ ಬಾಯಿಂದಲೇ ಹೇಳಿದುದನ್ನು ಕೇಳಿದ ಮೇಲೆ, ಜೋಗತಿಯರನ್ನು ಕಂಡು ನಗುತ್ತಿದ್ದವರೂ ತಲೆತಗ್ಗಿಸಬೇಕಾಯಿತು.

ಎಲ್ಲರ ಕೈಯಲ್ಲಿ ಮೊಬೈಲು ಇರುವಾಗ ಸರಕಾರದ ದೂರದರ್ಶನವೇಕೆ ಎಂದು ಮಿತ್ರರು ಕೇಳಬಹುದು. ಮೊಬೈಲಿನಲ್ಲಿ ಹಿಡಿದುದು ಬೇಡವೆಂದು ನಾನು ಹೇಳಲಾರೆ. ಆದರೆ ಜನಜಂಗುಳಿಯಲ್ಲಿ ಹಿಡಿದ ಆ ತುಣುಕುಗಳಲ್ಲಿ ಭಾಗವತರ ಪದವು ಧ್ವನಿವರ್ಧಕದ ಗದ್ದಲದಲ್ಲಿ ಮುಳುಗಿರುತ್ತದೆ. ಊರು, ಕರ್ತೃ, ವರ್ಷ ಯಾವುದರ ದಾಖಲೆಯೂ ಇರುವುದಿಲ್ಲ. ಮೊಬೈಲು ಕೆಟ್ಟರೆ ಅದೂ ಹೋಯಿತು. ಸಾರ್ವಜನಿಕ ಸಂಸ್ಥೆಯಲ್ಲಾದರೋ ತಂತ್ರಜ್ಞರಿದ್ದಾರೆ, ಸಂಗ್ರಹಾಗಾರವಿದೆ. ಮೇಲಾಗಿ 1990ರ ಪ್ರಸಾರ ಭಾರತಿ ಕಾಯಿದೆಯು ನಾಡಿನ ವಿವಿಧ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ತಕ್ಕಷ್ಟು ಸ್ಥಾನ ಕೊಡುವ ಹೊಣೆಯನ್ನು ಅದಕ್ಕೆ ವಹಿಸಿದೆ. ಆದ್ದರಿಂದ ನಾವು ಕೇಳುವುದು ದಾನವಲ್ಲ, ಹಕ್ಕು.

ಕೇಳಬೇಕಾದುದು ಮೂರು. ವರ್ಷಕ್ಕೊಂದಾದರೂ ಆಟವನ್ನು ಊರಿನ ಅಟ್ಟದಲ್ಲಿಯೇ ಆದ್ಯಂತವಾಗಿ ಚಿತ್ರಿಸಿ ಕಂತುಕಂತಾಗಿ ಪ್ರಸಾರಮಾಡಬೇಕು. ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದದೆ ನಮ್ಮ ಕಡೆಯ ಕನ್ನಡದಲ್ಲಿಯೇ ಬಿಡಬೇಕು. ಕಲಾವಿದರಿಗೆ ಸಂಭಾವನೆಯನ್ನೂ ಚಿತ್ರದ ಒಂದು ಪ್ರತಿಯನ್ನೂ ಕೊಡಬೇಕು.

ಇದು ಅವರ ಪಾಲಿನ ಕೆಲಸವಾಯಿತು. ನಮ್ಮ ಪಾಲಿನದೂ ಇದೆ. ಈ ಕಾಲೇಜಿಗೆ ಐದೂ ತಾಲ್ಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಆಟ ಕಲಿಸುವವರು ಯಾರು, ಯಾವ ಆಟದ ಪ್ರತಿ ಯಾರ ಮನೆಯಲ್ಲಿದೆ, ಪದ ಬಲ್ಲ ಮುದುಕರ ವಯಸ್ಸೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತಂದರೆ, ಕನ್ನಡ ವಿಭಾಗದಲ್ಲಿ ಒಂದು ಪಟ್ಟಿ ಸಿದ್ಧವಾಗುವುದು. ಅಧ್ಯಾಪಕರ ಸಹಿಯೊಡನೆ ಅದನ್ನು ಬೆಂಗಳೂರು ಕೇಂದ್ರಕ್ಕೆ ಕಳುಹಿಸೋಣ. ಯಾರನ್ನು ಮೊದಲು ಚಿತ್ರಿಸಬೇಕೆಂಬುದನ್ನು ವಯಸ್ಸೇ ತಿಳಿಸುತ್ತದೆ. ನಮ್ಮ ತಂದೆಯವರಿಗೆ ಈಗ ಅರವತ್ತೆರಡು. ಅವರಿಗಿಂತ ಹಿರಿಯರು ನಮ್ಮೂರೊಂದರಲ್ಲಿಯೇ ಮೂವರಿದ್ದಾರೆ. ಬರುವ ಸುಗ್ಗಿಯ ನಂತರ ಅವರು ಮತ್ತೆ ಅಟ್ಟ ಹತ್ತುವರು. ಪಟ್ಟಿ ಅದಕ್ಕೆ ಮುಂಚೆ ಸಿದ್ಧವಾಗಲಿ.